ಓಪನ್ ಸೋರ್ಸ್ ಪ್ರಾಜೆಕ್ಟ್‌ನಲ್ಲಿ ರಿವ್ಯೂ ಒಪ್ಪಿಗೆ ಬೇಗ ಸಿಗಬೇಕಾದರೆ ಏನು ಮಾಡಬೇಕು

ಪುಲ್ ರಿಕ್ವೆಸ್ಟ್, ಅಂದರೆ ಈ ಬದಲಾವಣೆಯನ್ನು ಸೇರಿಸಿಕೊಳ್ಳಿ ಅಂತ ಕಳಿಸಿದ ಕೋರಿಕೆ, ಚೆನ್ನಾಗಿದೆ. ಟೆಸ್ಟ್ ಎಲ್ಲ ಹಸಿರು. ಇಬ್ಬರು ಬಂದು "ಸರಿ ಇದೆ" ಅಂತ ಬರೆದು ಹೋಗಿದ್ದಾರೆ. ಆದರೂ ವಾರಗಟ್ಟಲೆ ಅದು ಅಲ್ಲೇ ಬಿದ್ದಿದೆ. ಬರೆದವರು ಒಂದೆರಡು ಸಲ ವಿಚಾರಿಸಿ ಸುಮ್ಮನಾಗುತ್ತಾರೆ, ಅಷ್ಟರಲ್ಲಿ ಮೇನ್ ಬ್ರಾಂಚ್ (ಪ್ರಾಜೆಕ್ಟಿನ ಮುಖ್ಯ ಕೋಡು) ಮುಂದಕ್ಕೆ ಹೋಗಿ ಕಾನ್‌ಫ್ಲಿಕ್ಟ್ ಬರುತ್ತದೆ, ಅದನ್ನು ಬಿಡಿಸುವ ಹುಮ್ಮಸ್ಸು ಆ ಹೊತ್ತಿಗೆ ಅವರಲ್ಲಿ ಉಳಿದಿರುವುದಿಲ್ಲ. ಒಬ್ಬ ಒಳ್ಳೆಯ ಕಾಂಟ್ರಿಬ್ಯೂಟರ್ ಹೀಗೆ ಸದ್ದಿಲ್ಲದೆ ಕೈತಪ್ಪಿ ಹೋಗುತ್ತಾರೆ.

"ನಮ್ಮಲ್ಲಿ ರಿವ್ಯೂ ಮಾಡುವವರು ಕಡಿಮೆ" ಅಂತ ಎಲ್ಲರೂ ಹೇಳುತ್ತಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ನಾನು ನೋಡಿದ ಮಟ್ಟಿಗೆ ತೊಂದರೆ ಜಾಸ್ತಿ ಇನ್ನೊಂದು ಕಡೆ ಇರುತ್ತದೆ: ಯಾರ ಮಾತು ಸಿಕ್ಕರೆ ಸಾಕು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಓದುವುದಕ್ಕೆ ಅರ್ಧ ಗಂಟೆ ಸಾಕಾಗುವ ಕೋಡು ಒಪ್ಪಿಗೆಗಾಗಿ ಎರಡು ವಾರ ಕಾಯುತ್ತದೆ. ಕೆಳಗಿನ ಹೆಜ್ಜೆಗಳು ಆ ಕಾಯುವಿಕೆಯನ್ನು ಕಡಿಮೆ ಮಾಡುವುದಕ್ಕೆ. ಮೂರರಿಂದ ಹತ್ತು ಹದಿನೈದು ಮೇಂಟೇನರ್‌ಗಳಿರುವ, ಅಂದರೆ ನೋಡಿಕೊಳ್ಳುವವರಿರುವ, ಪ್ರಾಜೆಕ್ಟನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಒಬ್ಬರೇ ನಡೆಸುವ ಪ್ರಾಜೆಕ್ಟಿನ ವಿಷಯವೂ ಮಧ್ಯದಲ್ಲಿ ಬರುತ್ತದೆ.

ಹೆಜ್ಜೆ 1: ಸಮಯ ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಿ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಇತ್ತೀಚೆಗೆ ಮರ್ಜ್ ಆದ, ಅಂದರೆ ಮುಖ್ಯ ಕೋಡಿಗೆ ಸೇರಿದ, ಮೂವತ್ತು ಪುಲ್ ರಿಕ್ವೆಸ್ಟ್ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ನಾಲ್ಕು ಸಮಯ ಬರೆದಿಡಿ. ತೆರೆದದ್ದು ಯಾವಾಗ, ಮನುಷ್ಯರೊಬ್ಬರಿಂದ ಮೊದಲ ಉತ್ತರ ಬಂದದ್ದು ಯಾವಾಗ, ಒಪ್ಪಿಗೆ ಸಿಕ್ಕಿದ್ದು ಯಾವಾಗ, ಮರ್ಜ್ ಆದದ್ದು ಯಾವಾಗ. ಬಾಟ್ ಹಾಕಿದ ಕಾಮೆಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಈಗ ಮೂರು ಅಂತರ ಸಿಗುತ್ತದೆ. ಮೊದಲ ಉತ್ತರಕ್ಕೇ ಜಾಸ್ತಿ ದಿನ ಹಿಡಿದಿದ್ದರೆ, ಬಂದ ಪ್ಯಾಚನ್ನು (ಕೋಡಿನ ಬದಲಾವಣೆಯನ್ನು) ಯಾರು ನೋಡಬೇಕು ಅಂತ ಗೊತ್ತುಮಾಡಿಲ್ಲ ಅಂತ ಅರ್ಥ. ಉತ್ತರದಿಂದ ಒಪ್ಪಿಗೆವರೆಗಿನ ಅಂತರ ದೊಡ್ಡದಾಗಿದ್ದರೆ, ಪ್ಯಾಚ್‌ಗಳು ದೊಡ್ಡವಾಗಿವೆ ಅಥವಾ ಕಾಮೆಂಟ್‌ಗಳು ಸ್ಪಷ್ಟವಾಗಿಲ್ಲ. ಒಪ್ಪಿಗೆ ಸಿಕ್ಕ ಮೇಲೂ ಮರ್ಜ್ ಆಗದೆ ನಿಂತಿದ್ದರೆ, ಕೊನೆಯ ಬಟನ್ ಯಾರು ಒತ್ತಬೇಕು ಅನ್ನುವುದೇ ತೀರ್ಮಾನವಾಗಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಸರಾಸರಿ ತೆಗೆಯಬೇಡಿ, ಸಾಲಾಗಿ ಜೋಡಿಸಿ ನಡುವಿನ ಸಂಖ್ಯೆ (ಮೀಡಿಯನ್) ನೋಡಿ, ಯಾಕೆಂದರೆ ಒಂದು ವರ್ಷ ಬಿದ್ದಿದ್ದ ಒಂದೇ ಒಂದು ಪ್ಯಾಚ್ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಮರ್ಜ್ ಆಗದೆ ಮುಚ್ಚಿಹೋದವುಗಳ ಮೇಲೂ ಒಮ್ಮೆ ಕಣ್ಣಾಡಿಸಿ.

ಹೆಜ್ಜೆ 2: ಒಂದೊಂದು ಗುರುತಿಗೆ ಒಂದೇ ಅರ್ಥ

ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. "ಎಲ್‌ಜಿಟಿಎಂ" (ಲುಕ್ಸ್ ಗುಡ್ ಟು ಮಿ, ಅಂದರೆ ನನಗೆ ಸರಿ ಕಾಣುತ್ತಿದೆ) ಅಂತ ಯಾರೋ ಬರೆದರು. ಅದರ ಅರ್ಥ ಏನು? ಪೂರ್ತಿ ಓದಿದ್ದೇನೆ ಅಂತಲಾ? ಮೇಲೆ ಮೇಲೆ ನೋಡಿದೆ ಅಂತಲಾ? ಮರ್ಜ್ ಮಾಡಿ ಅಂತಲಾ? ಬರೆದವರಿಗೆ ಒಂದು ಅರ್ಥ, ಓದಿದವರಿಗೆ ಇನ್ನೊಂದು ಅರ್ಥ ಆದರೆ ಎಲ್ಲರೂ ಇನ್ನೊಬ್ಬರಿಗಾಗಿ ಕಾಯುತ್ತಾರೆ.

ಲಿನಕ್ಸ್ ಕರ್ನಲ್‌ನವರು ಇದನ್ನು ಬಹಳ ಹಿಂದೆಯೇ ಬೇರೆ ಬೇರೆ ಮಾಡಿಟ್ಟಿದ್ದಾರೆ. ಅಲ್ಲಿ "ಸೈನ್ಡ್-ಆಫ್-ಬೈ" ಅಂದರೆ ರಿವ್ಯೂ ಮಾಡಿದ್ದೇನೆ ಅಂತ ಅಲ್ಲವೇ ಅಲ್ಲ. ಎಸ್‌ಸಿಒ ಕಂಪನಿ 2003ರಲ್ಲಿ ಐಬಿಎಂ ಮೇಲೆ ಕೇಸು ಹಾಕಿ, ಲಿನಕ್ಸ್ ಒಳಗಿನ ಕೋಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಎದ್ದ ಮೇಲೆ, 2004ರಲ್ಲಿ ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಡಿಸಿಒ, ಜಾರಿಗೆ ಬಂತು. ಈ ಕೋಡನ್ನು ಈ ಲೈಸೆನ್ಸಿನಡಿ ಕೊಡುವ ಹಕ್ಕು ನನಗಿದೆ ಅಂತ ಹೇಳುವ ಸಹಿ ಅದು. ಪ್ಯಾಚ್ ಯಾರ ಯಾರ ಕೈ ದಾಟಿ ಮೇಲಕ್ಕೆ ಹೋಗುತ್ತದೋ ಅವರೆಲ್ಲ ತಮ್ಮ ಸಾಲು ಸೇರಿಸುತ್ತಾ ಹೋಗುತ್ತಾರೆ. ಕೋಡನ್ನು ಸರಿಯಾಗಿ ಓದಿ ತೃಪ್ತಿಯಾದವರು "ರಿವ್ಯೂಡ್-ಬೈ" ಹಾಕುತ್ತಾರೆ. ಆ ಭಾಗದ ಮೇಂಟೇನರ್ ತಾವೇ ಪ್ಯಾಚನ್ನು ತೆಗೆದುಕೊಳ್ಳದೆ, ನನ್ನ ಅಡ್ಡಿ ಇಲ್ಲ ಅಂತ ಮಾತ್ರ ಹೇಳಬೇಕಿದ್ದರೆ "ಆ್ಯಕ್ಡ್-ಬೈ". ಓಡಿಸಿ ನೋಡಿದವರಿಗೆ "ಟೆಸ್ಟೆಡ್-ಬೈ". ನಾಲ್ಕು ಗುರುತು, ನಾಲ್ಕು ಬೇರೆ ಮಾತು.

ಗೆರಿಟ್ ಅನ್ನುವ ರಿವ್ಯೂ ಸಾಧನ ಬಳಸುವ ಕಡೆ ಅಂಕಿಯಲ್ಲೇ ಇದು ಕಾಣುತ್ತದೆ. ಪ್ಲಸ್ ಒಂದು ಅಂದರೆ ನನಗೆ ಸರಿ ಕಾಣುತ್ತಿದೆ, ಆದರೆ ಇನ್ನೊಬ್ಬರು ಒಪ್ಪಬೇಕು. ಪ್ಲಸ್ ಎರಡು ಅಂದರೆ ಒಪ್ಪಿಗೆ. ಎರಡು ಪ್ಲಸ್ ಒಂದು ಸೇರಿದರೆ ಪ್ಲಸ್ ಎರಡು ಆಗುವುದಿಲ್ಲ. ಕುಬರ್ನೆಟೀಸ್ ಪ್ರಾಜೆಕ್ಟ್‌ನಲ್ಲಿ ಎಲ್‌ಜಿಟಿಎಂ ಒಂದು ಕಮಾಂಡ್, ಅಪ್ರೂವ್ ಇನ್ನೊಂದು ಕಮಾಂಡ್. ಕೋಡು ಸರಿಯಾಗಿದೆಯಾ ಅಂತ ನೋಡುವವರು ಮೊದಲನೆಯದು ಕೊಡುತ್ತಾರೆ, ಈ ಬದಲಾವಣೆ ಇಲ್ಲಿಗೆ ಬೇಕಾ ಅಂತ ನಿರ್ಧರಿಸುವವರು ಎರಡನೆಯದು. ಎರಡೂ ಲೇಬಲ್ ಬಂದು, ಟೆಸ್ಟ್ ಪಾಸಾಗಿ, ತಡೆಹಿಡಿಯುವ ಲೇಬಲ್ ಯಾವುದೂ ಇಲ್ಲದಿದ್ದರೆ ಬಾಟೇ ಮರ್ಜ್ ಮಾಡುತ್ತದೆ.

ನಿಮ್ಮ ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಬೇಕಾಗಿಲ್ಲ. ಕಾಂಟ್ರಿಬ್ಯೂಟಿಂಗ್ ಫೈಲಿನಲ್ಲಿ ಹೀಗೆ ನಾಲ್ಕು ಸಾಲು ಬರೆದರೆ ಆಯಿತು:

"ಅಪ್ರೂವ್ ಒತ್ತಿದರೆ ನಾನು ಪೂರ್ತಿ ಓದಿದ್ದೇನೆ, ಇದು ಮರ್ಜ್ ಆದರೆ ಜವಾಬ್ದಾರಿ ನನ್ನದೂ ಹೌದು ಅಂತ ಅರ್ಥ. ಕಾಮೆಂಟಿನಲ್ಲಿ ಸರಿ ಇದೆ ಅಂತ ಬರೆದರೆ ಅದು ಅಭಿಪ್ರಾಯ ಮಾತ್ರ, ಒಪ್ಪಿಗೆ ಅಲ್ಲ. ರಿಕ್ವೆಸ್ಟ್ ಚೇಂಜಸ್ ಒತ್ತಿದರೆ ಹೀಗೆಯೇ ಮರ್ಜ್ ಆಗಬಾರದು ಅಂತ ಅರ್ಥ, ಕಾರಣ ಬರೆಯಲೇಬೇಕು. ಕಮಿಟ್‌ನಲ್ಲಿರುವ ಸೈನ್-ಆಫ್ ಸಾಲು ಲೈಸೆನ್ಸಿಗೆ ಸಂಬಂಧಿಸಿದ್ದು, ರಿವ್ಯೂಗೆ ಅಲ್ಲ."

ಡಿಸಿಒ ಬಳಸುವವರಿಗೆ ಒಂದು ಮಾತು. ಹೊಸಬರು ಇಲ್ಲೇ ಜಾಸ್ತಿ ಎಡವುವುದು. ಬದಲಾವಣೆ ದಾಖಲಿಸುವ ಗಿಟ್ ಕಮಿಟ್ ಕಮಾಂಡ್ ಜೊತೆ ಸಣ್ಣ ಎಸ್ (-s) ಹಾಕಿದರೆ ಸೈನ್-ಆಫ್ ಸಾಲು ಸೇರುತ್ತದೆ. ದೊಡ್ಡ ಎಸ್ (-S) ಹಾಕಿದರೆ ಆಗುವುದು ಕ್ರಿಪ್ಟೋ ಕೀಲಿಯ ಸಹಿ, ಅದು ಬೇರೆಯೇ ವಿಷಯ. ಹತ್ತು ಕಮಿಟ್‌ನಲ್ಲೂ ಮರೆತಿದ್ದರೆ ಒಂದೊಂದನ್ನೇ ತಿದ್ದುತ್ತಾ ಕೂರಬೇಕಾಗಿಲ್ಲ, ಕಮಿಟ್‌ಗಳನ್ನು ಹೊಸದಾಗಿ ಮತ್ತೆ ಜೋಡಿಸುವ ಗಿಟ್ ರೀಬೇಸ್‌ಗೆ ಸೈನ್‌ಆಫ್ ಆಯ್ಕೆ ಕೊಟ್ಟರೆ ಎಲ್ಲಕ್ಕೂ ಒಟ್ಟಿಗೆ ಸೇರುತ್ತದೆ. ಗಿಟ್‌ಹಬ್ ವೆಬ್‌ಸೈಟಿನಲ್ಲೇ ತಿದ್ದುವವರಿಗೂ ಸೈನ್-ಆಫ್ ಕಡ್ಡಾಯ ಮಾಡುವ ಸೆಟ್ಟಿಂಗ್ ರೆಪೊಸಿಟರಿಯಲ್ಲಿ ಇದೆ, ಅದನ್ನು ಆನ್ ಮಾಡಿಡಿ. ಡಿಸಿಒ ಚೆಕ್ ಫೇಲ್ ಆದಾಗ ಬರುವ ಸಂದೇಶದಲ್ಲೇ ಈ ಪರಿಹಾರ ಬರೆದಿರಲಿ. ಕೆಲಸ ಬೇಗ ಆಗಲಿ ಅಂತ ಮೇಂಟೇನರ್‌ಗಳು ಕಾಂಟ್ರಿಬ್ಯೂಟರ್ ಹೆಸರಿನಲ್ಲಿ ತಾವೇ ಸೈನ್-ಆಫ್ ಸಾಲು ಸೇರಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಅದು ಇನ್ನೊಬ್ಬರ ಸಹಿ.

ಹೆಜ್ಜೆ 3: ಯಾವ ಭಾಗಕ್ಕೆ ಯಾರ ಒಪ್ಪಿಗೆ

ಕರ್ನಲ್‌ನಲ್ಲಿ ಮೇಂಟೇನರ್ಸ್ ಅನ್ನುವ ಫೈಲ್ ಇದೆ, ಪ್ಯಾಚ್ ಕೊಟ್ಟರೆ ಯಾರಿಗೆ ಕಳಿಸಬೇಕು ಅಂತ ಅದನ್ನು ಓದಿ ಹೇಳುವ ಸ್ಕ್ರಿಪ್ಟೂ ಇದೆ. ಗಿಟ್‌ಹಬ್‌ನಲ್ಲಿ ಈ ಕೆಲಸಕ್ಕೆ ಕೋಡ್‌ಓನರ್ಸ್ ಫೈಲ್. ಅದರಲ್ಲಿ ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ: ಒಂದು ಫೈಲಿಗೆ ಎರಡು ಮೂರು ಸಾಲು ಹೊಂದಿಕೆಯಾದರೆ ಕೊನೆಯ ಸಾಲೇ ಗೆಲ್ಲುತ್ತದೆ. ಹಾಗಾಗಿ ಎಲ್ಲಕ್ಕೂ ಅನ್ವಯಿಸುವ ಸಾಲು ಮೇಲಿರಲಿ, ನಿರ್ದಿಷ್ಟ ಫೋಲ್ಡರಿನ ಸಾಲು ಕೆಳಗಿರಲಿ. ತಿರುಗಾ ಮುರುಗಾ ಆದರೆ ನೀವು ಕೆಳಗೆ ಬರೆದ ಸಾಮಾನ್ಯ ಸಾಲು ಎಲ್ಲವನ್ನೂ ನುಂಗಿಬಿಡುತ್ತದೆ.

ಒಬ್ಬರ ಹೆಸರಿನ ಬದಲು ಟೀಮಿನ ಹೆಸರು ಹಾಕಿ. ಒಂದೇ ಸಾಲಿನಲ್ಲಿ ಹಲವರಿದ್ದರೆ ಅವರಲ್ಲಿ ಯಾರಾದರೂ ಒಬ್ಬರು ಒಪ್ಪಿದರೆ ಸಾಕು, ಎಲ್ಲರೂ ಒಪ್ಪಬೇಕಿಲ್ಲ. ಒಬ್ಬರೇ ಇದ್ದರೆ ಅವರು ರಜೆ ಹೋದ ದಿನ ಆ ಫೋಲ್ಡರಿಗೂ ರಜೆ. ಹೆಸರು ಹಾಕಿದವರಿಗೆ ರೆಪೊಸಿಟರಿಯಲ್ಲಿ ಬರೆಯುವ ಅನುಮತಿ ಇರಬೇಕು ಅನ್ನುವುದನ್ನೂ ಮರೆಯಬೇಡಿ.

ಜಾಸ್ತಿ ತುಂಡು ಮಾಡುವುದೂ ಕೆಟ್ಟದ್ದೇ. ಪ್ರತಿ ಫೋಲ್ಡರಿಗೂ ಬೇರೆ ಬೇರೆ ಓನರ್ ಇಟ್ಟರೆ, ಒಂದು ಫಂಕ್ಷನ್ ಹೆಸರು ಬದಲಾಯಿಸುವ ಸರಳ ಪ್ಯಾಚಿಗೂ ಎಂಟು ಜನರ ಒಪ್ಪಿಗೆ ಬೇಕಾಗುತ್ತದೆ, ಅವರಲ್ಲಿ ಏಳು ಜನಕ್ಕೆ ಅದರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ನಿಜವಾಗಿ ಬೇರೆ ತಿಳಿವಳಿಕೆ ಬೇಕಾದ ಕಡೆ ಮಾತ್ರ ಬೇರೆ ಓನರ್ ಇರಲಿ. ಆರು ತಿಂಗಳಿಗೊಮ್ಮೆ ಪಟ್ಟಿ ನೋಡಿ, ಈಗ ಬರದೇ ಇರುವವರನ್ನು ಮರ್ಯಾದೆಯಿಂದ ಹಿಂದಿನ ಮೇಂಟೇನರ್‌ಗಳ ಪಟ್ಟಿಗೆ ಸೇರಿಸಿ. ಹೊಸಬರನ್ನು ಬೆಳೆಸುವ ದಾರಿಯೂ ಇದೇ. ಒಂದು ಫೋಲ್ಡರಿನಲ್ಲಿ ಚೆನ್ನಾಗಿ ಕಾಮೆಂಟ್ ಮಾಡುತ್ತಿರುವವರಿಗೆ ಆ ಫೋಲ್ಡರ್ ಮಟ್ಟಿಗೆ ಒಪ್ಪಿಗೆಯ ಹಕ್ಕು ಕೊಡಿ. ಇಡೀ ಪ್ರಾಜೆಕ್ಟಿನ ಕೀಲಿ ಕೊಡುವ ತನಕ ಕಾಯುತ್ತಾ ಕೂತರೆ ಯಾರಿಗೂ ಏನೂ ಸಿಗುವುದಿಲ್ಲ.

ಹೆಜ್ಜೆ 4: ಯಂತ್ರ ಮಾಡುವುದನ್ನು ಯಂತ್ರಕ್ಕೆ ಬಿಡಿ

ಸ್ಪೇಸ್, ಇಂಡೆಂಟ್, ಇಂಪೋರ್ಟ್ ಕ್ರಮ, ಲೈಸೆನ್ಸ್ ಹೆಡರ್. ಇವುಗಳ ಬಗ್ಗೆ ಮನುಷ್ಯರು ಕಾಮೆಂಟ್ ಬರೆಯಲೇಬಾರದು. ಫಾರ್ಮ್ಯಾಟರ್ ಹಾಕಿ ಮುಗಿಸಿ. ಇದು ಎಲ್ಲರಿಗೂ ಗೊತ್ತಿರುವ ಮಾತು, ಅದಕ್ಕೇ ಇಲ್ಲಿ ಕಡಿಮೆ ಗೊತ್ತಿರುವ ಎರಡು ವಿಷಯ ಹೇಳುತ್ತೇನೆ.

ಮೊದಲ ಸಲ ಕಾಂಟ್ರಿಬ್ಯೂಟ್ ಮಾಡುವವರ ಪುಲ್ ರಿಕ್ವೆಸ್ಟ್‌ಗೆ ಗಿಟ್‌ಹಬ್ ಆ್ಯಕ್ಷನ್ಸ್ (ಟೆಸ್ಟ್‌ಗಳನ್ನು ಓಡಿಸುವ ವ್ಯವಸ್ಥೆ) ತಾನಾಗಿ ಓಡದೇ ಇರಬಹುದು. ಮೇಂಟೇನರ್ ಬಂದು ಓಡಿಸಿ ಅಂತ ಒತ್ತಬೇಕು. ಟೆಸ್ಟ್ ಓಡಿಸುವ ಗಿಟ್‌ಹಬ್‌ನ ಕಂಪ್ಯೂಟರ್‌ಗಳನ್ನು ಕ್ರಿಪ್ಟೋ ಮೈನಿಂಗ್‌ಗೆ ದುರ್ಬಳಕೆ ಮಾಡುವುದು ಜಾಸ್ತಿಯಾದ ಮೇಲೆ, 2021ರಲ್ಲಿ ಬಂದ ಬದಲಾವಣೆ ಅದು. ಒಳ್ಳೆಯದೇ. ಆದರೆ ಅದನ್ನು ಯಾರೂ ಒತ್ತದಿದ್ದರೆ, ಟೆಸ್ಟ್ ಮುಗಿಯಲಿ ಅಂತ ರಿವ್ಯೂವರ್ ಕಾಯುತ್ತಾರೆ, ರಿವ್ಯೂವರ್ ಬರಲಿ ಅಂತ ಹೊಸಬರು ಕಾಯುತ್ತಾರೆ. ದಿನಕ್ಕೊಮ್ಮೆ ಇದನ್ನು ನೋಡುವ ಕೆಲಸ ಯಾರಾದರೊಬ್ಬರದ್ದು ಅಂತ ಇರಲಿ. ಒತ್ತುವ ಮೊದಲು, ಏನೇನು ಓಡಬೇಕು ಅಂತ ಬರೆದಿರುವ ವರ್ಕ್‌ಫ್ಲೋ ಫೈಲ್‌ಗಳನ್ನೇನಾದರೂ ಮುಟ್ಟಿದ್ದಾರಾ ಅಂತ ನೋಡಿಕೊಳ್ಳಿ.

ಎರಡನೆಯದು, ಕಡ್ಡಾಯ ಚೆಕ್ ಮತ್ತು ಪಾತ್ ಫಿಲ್ಟರ್ ಜಗಳ. ಸೋರ್ಸ್ ಫೋಲ್ಡರ್ ಬದಲಾದರೆ ಮಾತ್ರ ಟೆಸ್ಟ್ ಓಡಲಿ ಅಂತ ವರ್ಕ್‌ಫ್ಲೋಗೆ ಫಿಲ್ಟರ್ ಹಾಕಿದ್ದೀರಿ, ಆ ಟೆಸ್ಟನ್ನು ಮರ್ಜ್‌ಗೆ ಕಡ್ಡಾಯವನ್ನೂ ಮಾಡಿದ್ದೀರಿ ಅಂತ ಇಟ್ಟುಕೊಳ್ಳಿ. ಈಗ ಬರೀ ಡಾಕ್ಯುಮೆಂಟ್ ತಿದ್ದಿದ ಪ್ಯಾಚ್ ಬಂದರೆ ವರ್ಕ್‌ಫ್ಲೋ ಓಡುವುದೇ ಇಲ್ಲ, ಚೆಕ್ ಕೊನೆಯವರೆಗೂ ಪೆಂಡಿಂಗ್ ಅಂತಲೇ ತೋರಿಸುತ್ತದೆ, ಮರ್ಜ್ ಆಗುವುದಿಲ್ಲ. ವರ್ಕ್‌ಫ್ಲೋ ಯಾವಾಗಲೂ ಓಡಲಿ, ಒಳಗಿನ ಜಾಬ್‌ಗೆ ಷರತ್ತು ಹಾಕಿ. ಷರತ್ತಿನಿಂದ ಬಿಟ್ಟುಹೋದ ಜಾಬನ್ನು ಗಿಟ್‌ಹಬ್ ಪಾಸ್ ಅಂತ ಲೆಕ್ಕ ಹಾಕುತ್ತದೆ.

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳನ್ನು ಕಡ್ಡಾಯ ಪಟ್ಟಿಯಿಂದ ಇವತ್ತೇ ತೆಗೆಯಿರಿ. ಸರಿಮಾಡಿದ ಮೇಲೆ ಮತ್ತೆ ಸೇರಿಸಬಹುದು. ಕೆಂಪು ಬಣ್ಣ ಕಂಡರೂ ಪರವಾಗಿಲ್ಲ ಅನ್ನುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಬಹಳ ಕಷ್ಟ.

ಹೆಜ್ಜೆ 5: ಎಷ್ಟು ಒಪ್ಪಿಗೆ ಬೇಕು, ಹೊಸ ಕಮಿಟ್ ಬಂದರೆ ಏನು

ಸಾಮಾನ್ಯ ಬದಲಾವಣೆಗೆ ಒಂದು ಒಪ್ಪಿಗೆ ಸಾಕು. ಎರಡು ಬೇಕು ಅಂದಾಗ ಮೊದಲನೆಯವರು ಎರಡನೆಯವರು ನೋಡುತ್ತಾರೆ ಬಿಡಿ ಅಂತ, ಎರಡನೆಯವರು ಮೊದಲನೆಯವರು ನೋಡಿದ್ದಾರಲ್ಲ ಅಂತ ಓದುವುದನ್ನು ಸಡಿಲ ಬಿಡುತ್ತಾರೆ. ಎರಡು ಒಪ್ಪಿಗೆಯ ನಿಯಮವನ್ನು ಕೆಲವೇ ಜಾಗಕ್ಕೆ ಉಳಿಸಿಕೊಳ್ಳಿ. ಯಾವುವು ಅಂತ ಕೆಳಗೆ ಹೇಳಿದ್ದೇನೆ.

ಒಪ್ಪಿಗೆ ಕೊಟ್ಟ ಮೇಲೆ ಹೊಸ ಕಮಿಟ್ ಬಂದರೆ ಹಳೆಯ ಒಪ್ಪಿಗೆ ಉಳಿಯಬೇಕಾ? ಗಿಟ್‌ಹಬ್‌ನಲ್ಲಿ ಅದನ್ನು ರದ್ದು ಮಾಡುವ ಸೆಟ್ಟಿಂಗ್ ಇದೆ. ಆನ್ ಮಾಡಿದರೆ ಒಂದು ಸ್ಪೆಲ್ಲಿಂಗ್ ತಿದ್ದಿದರೂ ಮತ್ತೆ ಮೊದಲಿನಿಂದ ಕಾಯಬೇಕು. ಆಫ್ ಮಾಡಿದರೆ, ಒಪ್ಪಿಗೆ ಸಿಕ್ಕ ಮೇಲೆ ಪ್ಯಾಚ್ ಕಳಿಸಿದವರು ಏನನ್ನಾದರೂ ಒಳಗೆ ತೂರಿಸಬಹುದು. ನಡುವೆ ಇನ್ನೊಂದು ಆಯ್ಕೆ ಇದೆ: ಕೊನೆಯ ಪುಶ್ ಮಾಡಿದವರನ್ನು ಬಿಟ್ಟು ಬೇರೆಯವರೊಬ್ಬರು ಅದನ್ನು ಒಪ್ಪಬೇಕು. ಹೊರಗಿನಿಂದ ಜಾಸ್ತಿ ಪ್ಯಾಚ್ ಬರುವ ಪ್ರಾಜೆಕ್ಟಿಗೆ ನಾನು ರದ್ದು ಮಾಡುವುದನ್ನೇ ಆರಿಸುತ್ತೇನೆ. ಎಲ್ಲರೂ ಪರಿಚಿತರೇ ಇರುವ ಚಿಕ್ಕ ತಂಡವಾದರೆ ಅದನ್ನು ಆಫ್ ಮಾಡಿ, "ಒಪ್ಪಿದ್ದೇನೆ, ಈ ಎರಡು ಸಣ್ಣದನ್ನು ತಿದ್ದಿ ಮರ್ಜ್ ಮಾಡಿ" ಅಂತ ಹೇಳುವ ಅವಕಾಶ ಉಳಿಸಿಕೊಳ್ಳುವುದು ವಾಸಿ.

ಮತ್ತೆ ಓದುವುದೇ ಆದರೆ ಪೂರ್ತಿ ಓದಬೇಕಿಲ್ಲ. ಗಿಟ್‌ನಲ್ಲಿ ರೇಂಜ್-ಡಿಫ್ ಅನ್ನುವ ಕಮಾಂಡ್ 2018ರಿಂದ ಇದೆ, ಪ್ಯಾಚಿನ ಹಿಂದಿನ ಆವೃತ್ತಿಗೂ ಈಗಿನದಕ್ಕೂ ಏನು ವ್ಯತ್ಯಾಸ ಅಂತ ಅದು ತೋರಿಸುತ್ತದೆ. ರೀಬೇಸ್ ಆಗಿದ್ದರೂ ಕೆಲಸ ಮಾಡುತ್ತದೆ. ಕರ್ನಲ್‌ನವರ ಒಂದು ಪದ್ಧತಿಯನ್ನು ನಾವೂ ತೆಗೆದುಕೊಳ್ಳಬಹುದು. ಹೊಸ ಆವೃತ್ತಿಯಲ್ಲಿ ಕೋಡು ತುಂಬಾ ಬದಲಾಗಿದ್ದರೆ, ಮೊದಲು ಸಿಕ್ಕಿದ್ದ ರಿವ್ಯೂಡ್-ಬೈ ಸಾಲನ್ನು ಪ್ಯಾಚ್ ಬರೆದವರೇ ತೆಗೆದು, ತೆಗೆದಿದ್ದೇನೆ ಅಂತ ಬದಲಾವಣೆಗಳ ಟಿಪ್ಪಣಿಯಲ್ಲಿ ತಿಳಿಸುತ್ತಾರೆ.

ಒಬ್ಬರೇ ನಡೆಸುವ ಪ್ರಾಜೆಕ್ಟ್ ಆದರೆ ಗಿಟ್‌ಹಬ್ ನಿಮ್ಮ ಪುಲ್ ರಿಕ್ವೆಸ್ಟನ್ನು ನೀವೇ ಒಪ್ಪಲು ಬಿಡುವುದಿಲ್ಲ. ಹಾಗಂತ ನೇರ ಮೇನ್ ಬ್ರಾಂಚಿಗೆ ತಳ್ಳಬೇಡಿ. ಪುಲ್ ರಿಕ್ವೆಸ್ಟ್ ತೆರೆದು ಎರಡು ಮೂರು ದಿನ ಬಿಡಿ, ಯಾರಾದರೂ ನೋಡಬಹುದು, ಯಾರೂ ಬರದಿದ್ದರೆ ಮರ್ಜ್ ಮಾಡಿ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಪ್ರಾಜೆಕ್ಟ್‌ಗಳಲ್ಲಿ ಮೊದಲು ಕಮಿಟ್ ಮಾಡಿ ಆಮೇಲೆ ರಿವ್ಯೂ ಮಾಡುವ ಪದ್ಧತಿಗೂ ಜಾಗ ಇದೆ, ಎಲ್‌ಎಲ್‌ವಿಎಂ ಅನ್ನುವ ಕಂಪೈಲರ್ ಪ್ರಾಜೆಕ್ಟ್ ಕೂಡ ಸಣ್ಣ, ಸ್ಪಷ್ಟವಾದ ಬದಲಾವಣೆಗಳಿಗೆ ಇದನ್ನು ಒಪ್ಪುತ್ತದೆ.

ಹೆಜ್ಜೆ 6: ಯಾವುದು ತಡೆ, ಯಾವುದು ಸಲಹೆ ಅಂತ ಹೇಳಿ

ಕಾಮೆಂಟಿನ ಮೊದಲ ಪದದಲ್ಲೇ ಗೊತ್ತಾಗಬೇಕು. "ಕಡ್ಡಾಯ", "ಸಲಹೆ", "ಪ್ರಶ್ನೆ". ಮೂರೇ ಸಾಕು. ಇಪ್ಪತ್ತು ಕಾಮೆಂಟ್ ನೋಡಿ ಗಾಬರಿಯಾದ ಹೊಸಬರಿಗೆ ಅದರಲ್ಲಿ ಎರಡು ಮಾತ್ರ ಕಡ್ಡಾಯ ಅಂತ ಗೊತ್ತಾದರೆ ಅವತ್ತೇ ತಿದ್ದಿ ಕಳಿಸುತ್ತಾರೆ.

ರಿಕ್ವೆಸ್ಟ್ ಚೇಂಜಸ್ ಒತ್ತಿ ಕಾಣೆಯಾಗುವುದು ದೊಡ್ಡ ತೊಂದರೆ. ರಿವ್ಯೂ ಕಡ್ಡಾಯ ಮಾಡಿರುವ ಬ್ರಾಂಚಿನಲ್ಲಿ, ಅದನ್ನು ಒತ್ತಿದವರು ಮತ್ತೆ ಬಂದು ಒಪ್ಪುವವರೆಗೆ, ಇಲ್ಲವೇ ಇನ್ನೊಬ್ಬರು ಆ ರಿವ್ಯೂವನ್ನು ವಜಾ ಮಾಡುವವರೆಗೆ ಮರ್ಜ್ ನಿಂತೇ ಇರುತ್ತದೆ. ವಜಾ ಮಾಡಿದರೆ ಬೇಜಾರಾಗುತ್ತಾರೇನೋ ಅಂತ ಯಾರೂ ಕೈ ಹಾಕುವುದಿಲ್ಲ, ಅಲ್ವಾ? ಅದಕ್ಕೇ ಇದನ್ನು ಮುಂಚೆಯೇ ನಿಯಮವಾಗಿ ಬರೆದಿಡಿ: ತಿದ್ದಿ ಕಳಿಸಿದ ಏಳು ದಿನದೊಳಗೆ ಆ ರಿವ್ಯೂವರ್ ಬರದಿದ್ದರೆ, ಹೇಳಿದ್ದೆಲ್ಲ ಸರಿಯಾಗಿದೆಯಾ ಅಂತ ಇನ್ನೊಬ್ಬ ಮೇಂಟೇನರ್ ನೋಡಿ ಕಾರಣ ಬರೆದು ವಜಾ ಮಾಡಬಹುದು. ನಿಯಮ ಇದ್ದರೆ ಅದು ಯಾರ ಮೇಲಿನ ಅವಮಾನವೂ ಆಗುವುದಿಲ್ಲ.

ಹೆಜ್ಜೆ 7: ಮೌನಕ್ಕೆ ಒಂದು ಗಡುವು

ಅಪಾಚೆಯಲ್ಲಿ ಲೇಜಿ ಕನ್ಸೆನ್ಸಸ್ ಅನ್ನುವ ಪದ್ಧತಿ ಇದೆ. ಹೀಗೆ ಮಾಡಲಿದ್ದೇನೆ ಅಂತ ಹೇಳಿ ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ, ಯಾರೂ ಬೇಡ ಅನ್ನದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಎಲ್ಲ ಟೈಮ್ ಜೋನ್‌ನವರಿಗೂ ಅವಕಾಶ ಸಿಗಲಿ ಅಂತ ಮೂರು ದಿನ. ಕೋಡ್ ಬದಲಾವಣೆಗೆ ಮೈನಸ್ ಒಂದು (ಬೇಡ ಅನ್ನುವ ಮತ) ಹಾಕುವವರು ತಾಂತ್ರಿಕ ಕಾರಣ ಕೊಡಲೇಬೇಕು, ಇಲ್ಲದಿದ್ದರೆ ಆ ತಡೆಗೆ ಬೆಲೆ ಇಲ್ಲ. ಎಲ್‌ಎಲ್‌ವಿಎಂನಲ್ಲಿ ಉತ್ತರ ಬರದಿದ್ದರೆ ವಾರಕ್ಕೊಮ್ಮೆ ನೆನಪಿಸುವುದು ವಾಡಿಕೆ. ರಸ್ಟ್ ಭಾಷೆಯವರು ದೊಡ್ಡ ತೀರ್ಮಾನಗಳ ಮುಂಚೆ 10 ದಿನದ ಕೊನೆಯ ಅಭಿಪ್ರಾಯ ಅವಧಿ ಇಡುತ್ತಾರೆ.

ನಿಮ್ಮ ಗಡುವು ನೀವು ಇಟ್ಟುಕೊಳ್ಳಿ, ಆದರೆ ಬರೆದಿಡಿ. ಮೂರು ದಿನದಲ್ಲಿ ಮೊದಲ ಉತ್ತರ, ಅದು ಬರೀ "ಶನಿವಾರ ನೋಡುತ್ತೇನೆ" ಅಂತಿದ್ದರೂ ಸಾಕು. ವಾರವಾದರೂ ಏನೂ ಬರದಿದ್ದರೆ ಕಾಂಟ್ರಿಬ್ಯೂಟರ್ ಸಂಕೋಚವಿಲ್ಲದೆ ಕೇಳಬಹುದು ಅಂತ ನೀವೇ ಹೇಳಿ. ಈ ಬದಲಾವಣೆ ನಮಗೆ ಬೇಡ ಅನ್ನಿಸಿದರೆ ಮೊದಲ ದಿನವೇ ಹೇಳಿಬಿಡಿ. ತಿಂಗಳುಗಟ್ಟಲೆ ತಿದ್ದಿಸಿ ಕೊನೆಗೆ ಬೇಡ ಅನ್ನುವುದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ.

ಹೆಜ್ಜೆ 8: ಬಟನ್ ಯಾರು ಒತ್ತಬೇಕು

ಕಾಂಟ್ರಿಬ್ಯೂಟರ್‌ಗೆ ಬರೆಯುವ ಅನುಮತಿ ಇಲ್ಲದಿದ್ದರೆ ಮರ್ಜ್ ಬಟನ್ ಅವರಿಗೆ ಸಿಗುವುದಿಲ್ಲ. ಹಾಗಾಗಿ ಒಪ್ಪಿದವರೇ ಒತ್ತಬೇಕು. ಟೆಸ್ಟ್ ಇನ್ನೂ ಓಡುತ್ತಿದ್ದರೆ ಆಟೋ-ಮರ್ಜ್ ಒತ್ತಿ ಎದ್ದುಹೋಗಿ, ಪಾಸಾದಾಗ ತಾನೇ ಆಗುತ್ತದೆ. ಅನುಮತಿ ಇರುವವರ ಪ್ಯಾಚ್ ಆದರೆ ಬರೆದವರೇ ಒತ್ತಲಿ, ಏನಾದರೂ ಕೆಟ್ಟರೆ ನೋಡಿಕೊಳ್ಳುವುದಕ್ಕೆ ಆ ಹೊತ್ತಿನಲ್ಲಿ ಅವರು ಅಲ್ಲಿರುತ್ತಾರೆ.

ದಿನಕ್ಕೆ ಹಲವು ಮರ್ಜ್ ಆಗುವ ಪ್ರಾಜೆಕ್ಟಿಗೆ ಮರ್ಜ್ ಕ್ಯೂ ಬೇಕು. ಒಬ್ಬರು ಫಂಕ್ಷನ್ ಹೆಸರು ಬದಲಾಯಿಸಿದ್ದಾರೆ, ಇನ್ನೊಬ್ಬರು ಹಳೆಯ ಹೆಸರಲ್ಲೇ ಅದನ್ನು ಹೊಸದಾಗಿ ಕರೆದಿದ್ದಾರೆ. ಎರಡೂ ಬೇರೆ ಬೇರೆಯಾಗಿ ಹಸಿರು, ಒಟ್ಟಿಗೆ ಸೇರಿದರೆ ಬಿಲ್ಡ್ ಮುರಿಯುತ್ತದೆ. ರಸ್ಟ್‌ನವರು ಬಾರ್ಸ್ ಅನ್ನುವ ಬಾಟ್ ಇಟ್ಟುಕೊಂಡು ಇದನ್ನು ಬಹಳ ವರ್ಷಗಳಿಂದ ತಡೆಯುತ್ತಾ ಬಂದರು. ಮರ್ಜ್ ಆದ ಮೇಲೆ ಹೇಗಿರುತ್ತದೋ ಅದನ್ನೇ ಟೆಸ್ಟ್ ಮಾಡಿ, ಪಾಸಾದರೆ ಮಾತ್ರ ಮೇನ್ ಬ್ರಾಂಚಿಗೆ. ಗಿಟ್‌ಹಬ್‌ನ ಮರ್ಜ್ ಕ್ಯೂ 2023ರಲ್ಲಿ ಅಧಿಕೃತವಾಗಿ ಬಳಕೆಗೆ ಬಂತು, ಆದರೆ ವೈಯಕ್ತಿಕ ಖಾತೆಯ ರೆಪೊಸಿಟರಿಗೆ ಅಲ್ಲ, ಆರ್ಗನೈಸೇಷನ್ ಖಾತೆಯ ರೆಪೊಸಿಟರಿಗೆ. ಇದು ಇದ್ದರೆ ಪ್ರತಿ ಸಲ ಮೇನ್ ಬ್ರಾಂಚ್ ಜೊತೆ ರೀಬೇಸ್ ಮಾಡಿ ಅಂತ ಕಾಂಟ್ರಿಬ್ಯೂಟರ್‌ಗಳನ್ನು ಕಾಡುವುದೂ ತಪ್ಪುತ್ತದೆ.

ಎಲ್ಲಿ ಅವಸರ ಮಾಡಬಾರದು

2024ರ ಮಾರ್ಚ್‌ನಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್‌ನಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸಿಕ್ಕಿದ್ದು ನೆನಪಿರಬಹುದು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ನಂಬರು ಸಿವಿಇ-2024-3094. ವರ್ಷಗಟ್ಟಲೆ ನಂಬಿಕೆ ಗಳಿಸಿ ಮೇಂಟೇನರ್ ಆಗಿದ್ದ ಖಾತೆಯಿಂದ ಅದು ಬಂತು. ಅದಕ್ಕೂ ಮುಂಚೆ, ಪ್ಯಾಚ್‌ಗಳು ನಿಧಾನವಾಗುತ್ತಿವೆ, ಇನ್ನೊಬ್ಬರಿಗೆ ಹಕ್ಕು ಕೊಡಿ ಅಂತ ಆಗಲೇ ದಣಿದಿದ್ದ ಮೇಂಟೇನರ್ ಮೇಲೆ ಕೆಲವು ಖಾತೆಗಳಿಂದ ಒತ್ತಡ ಬಿದ್ದಿತ್ತು. ಕೆಟ್ಟ ಕೋಡನ್ನು ಟೆಸ್ಟ್‌ಗೆ ಬಳಸುವ ಬೈನರಿ ಫೈಲ್‌ಗಳಲ್ಲಿ ಅಡಗಿಸಿದ್ದರು. ಅದನ್ನು ಬಿಚ್ಚಿ ಬಿಲ್ಡ್ ಒಳಗೆ ಸೇರಿಸುವ ಸ್ಕ್ರಿಪ್ಟ್ ತುಣುಕು ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಜನ ಇಳಿಸಿಕೊಳ್ಳುವ ಕೋಡಿನ ಕಟ್ಟಿನಲ್ಲಿ) ಮಾತ್ರ ಇತ್ತು, ಗಿಟ್‌ನಲ್ಲಿ ಇರಲೇ ಇಲ್ಲ. ಪುಲ್ ರಿಕ್ವೆಸ್ಟನ್ನು ಎಷ್ಟೇ ಚೆನ್ನಾಗಿ ಓದಿದ್ದರೂ ಆ ತುಣುಕು ಕಣ್ಣಿಗೆ ಬೀಳುತ್ತಿರಲಿಲ್ಲ.

ಆದ್ದರಿಂದ ಬಿಲ್ಡ್ ಸ್ಕ್ರಿಪ್ಟ್, ಸಿಐ (ಟೆಸ್ಟ್, ಬಿಲ್ಡ್ ತಾನಾಗಿ ಓಡಿಸುವ ವ್ಯವಸ್ಥೆ) ವರ್ಕ್‌ಫ್ಲೋ ಫೈಲ್, ಡಿಪೆಂಡೆನ್ಸಿ ಲಾಕ್ ಫೈಲ್ (ಬಳಸುವ ಲೈಬ್ರರಿಗಳ ಆವೃತ್ತಿ ಪಟ್ಟಿ), ಓದಲಾಗದ ಬೈನರಿ, ಲಾಗಿನ್ ಮತ್ತು ಕ್ರಿಪ್ಟೋ ಸಂಬಂಧದ ಕೋಡು, ಕೋಡ್‌ಓನರ್ಸ್ ಫೈಲ್: ಇವಿಷ್ಟಕ್ಕೆ ಇಬ್ಬರ ಒಪ್ಪಿಗೆ ಇರಲಿ, ಮೌನವನ್ನು ಒಪ್ಪಿಗೆ ಅಂತ ಎಣಿಸಬೇಡಿ. ಬ್ರಾಂಚಿನ ಸೆಟ್ಟಿಂಗಿನಲ್ಲಿ ಒಪ್ಪಿಗೆಯ ಸಂಖ್ಯೆ ಇಡೀ ಬ್ರಾಂಚಿಗೆ ಒಂದೇ ಆಗಿದ್ದರೆ, ಈ ಫೈಲ್‌ಗಳನ್ನು ಮುಟ್ಟಿದ ಪ್ಯಾಚಿಗೆ ಬಾಟ್ ಮೂಲಕ ಲೇಬಲ್ ಹಾಕಿಸಿ, ಎರಡನೆಯ ಒಪ್ಪಿಗೆ ಬರುವ ತನಕ ಫೇಲ್ ಆಗುವ ಒಂದು ಚಿಕ್ಕ ಚೆಕ್ ಬರೆಯಿರಿ. ಬಿಡುಗಡೆಯ ಟಾರ್‌ಬಾಲನ್ನು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಮಾಡುವುದು ಬಿಟ್ಟು ಗಿಟ್ ಟ್ಯಾಗ್‌ನಿಂದ ನೇರವಾಗಿ ಸಿಐಯಲ್ಲೇ ಮಾಡಿಸಿ. "ಬೇಗ ಒಪ್ಪಿ, ಎಷ್ಟು ದಿನ ಕಾಯಬೇಕು" ಅಂತ ಈ ಫೈಲ್‌ಗಳ ವಿಷಯದಲ್ಲಿ ಯಾರಾದರೂ ಒತ್ತಾಯ ಮಾಡಿದರೆ ಇನ್ನೊಬ್ಬ ಮೇಂಟೇನರ್‌ಗೆ ಹೇಳಿ, ಒಬ್ಬರೇ ಹೊರಬೇಡಿ.

ಎರಡು ತಿಂಗಳ ಮೇಲೆ

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಾಯಿಸಬೇಡಿ. ಮೊದಲ ಹೆಜ್ಜೆಯಲ್ಲಿ ಯಾವ ಅಂತರ ದೊಡ್ಡದು ಅಂತ ಕಂಡಿತೋ ಅದಕ್ಕೆ ಸಂಬಂಧಿಸಿದ್ದನ್ನು ಮೊದಲು ಮಾಡಿ. ಎರಡು ತಿಂಗಳಾದ ಮೇಲೆ ಮತ್ತೆ ಅದೇ ನಾಲ್ಕು ಸಮಯ ಬರೆಯಿರಿ, ಜೊತೆಗೆ ಈ ಸಲ ಇನ್ನೊಂದನ್ನು ಸೇರಿಸಿ: ಮರ್ಜ್ ಆದ ಮೇಲೆ ರಿವರ್ಟ್ ಮಾಡಬೇಕಾಗಿ, ಅಂದರೆ ವಾಪಸ್ ತೆಗೆಯಬೇಕಾಗಿ, ಬಂದದ್ದು ಎಷ್ಟು. ಕಾಯುವ ದಿನ ಕಡಿಮೆಯಾಗಿ ರಿವರ್ಟ್ ಜಾಸ್ತಿಯಾಗಿದ್ದರೆ, ಯಾವ ಫೋಲ್ಡರಿನಲ್ಲಿ ಜಾಸ್ತಿಯಾಗಿದೆ ಅಂತ ನೋಡಿ, ಆ ಫೋಲ್ಡರನ್ನು ಮಾತ್ರ ಇಬ್ಬರ ಒಪ್ಪಿಗೆಯ ಪಟ್ಟಿಗೆ ಸೇರಿಸಿ. ಉಳಿದದ್ದನ್ನು ಹಾಗೇ ಬಿಡಿ.